ಇನ್ನೊಬ್ಬ ಕೊಟ್ರೇಶ

ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತು ‘ಕೊಟ್ರೇಶಾ’ ಎಂದು ಒಮ್ಮೆ ಕೂಗಿ ನೋಡಿ. ಅಲ್ಲಿರುವವರಲ್ಲಿ ಅರ್ಧ ಜನ ತಿರುಗುತ್ತಾರೆ, ಉಳಿದವರು ತಮ್ಮ ಅಣ್ಣನನ್ನೋ ಅಳಿಯನನ್ನೋ ಕರೆದರೆಂದು ಅತ್ತಿತ್ತ ನೋಡುತ್ತಾರೆ. ಊರ ದೇವರ ಹೆಸರನ್ನು ಮಕ್ಕಳಿಗಿಡುವಾಗ ನಮ್ಮ ಹಿರಿಯರು ಭಕ್ತಿಯಲ್ಲಿ ತೋರಿದ ಔದಾರ್ಯವನ್ನು ವೈವಿಧ್ಯದಲ್ಲಿ ತೋರಲಿಲ್ಲ. ನಾನೂ ಒಬ್ಬ ಕೊಟ್ರೇಶನೇ. ಆದರೆ ಪ್ರೌಢಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದ ನನ್ನನ್ನು ಎಲ್ಲರೂ ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದುದರಿಂದ, ಆ ಕೂಗಿಗೆ ತಿರುಗಿ ನೋಡುವ ಸಾಮಾನ್ಯರ ಸಾಲಿನಿಂದ ನನಗೆ ಬಡ್ತಿ ಸಿಕ್ಕಿದೆಯೆಂದು ಭಾವಿಸಿದ್ದೆ.

ಎಂಬತ್ತರ ದಶಕದ ಆರಂಭದ ಮಾತು. ಒಂದು ಬೆಳಿಗ್ಗೆ ನಮ್ಮ ಜಿಲ್ಲೆಯ ಪತ್ರಿಕೆಯೊಂದರ ಒಳಪುಟದಲ್ಲಿ ‘ಇಸ್ಪೀಟು ಅಡ್ಡೆಯ ಮೇಲೆ ದಾಳಿ: ಕೊಟ್ರೇಶ ಮತ್ತಿತರರ ಬಂಧನ’ ಎಂಬ ಸುದ್ದಿ ಬಂತು. ತಂದೆಯ ಹೆಸರಿಲ್ಲ, ಊರಿಲ್ಲ, ಕಸುಬಿಲ್ಲ. ಇಷ್ಟೊಂದು ಕೊಟ್ರೇಶರಿರುವ ಸೀಮೆಯಲ್ಲಿ ಜನ ನನ್ನನ್ನೇ ಆರಿಸಿಕೊಂಡರು. ನೀತಿ ಹೇಳುವವನು ಸಿಕ್ಕಿಬಿದ್ದಾಗ ಸಿಗುವ ಸುಖವೇ ಬೇರೆ ನೋಡಿ. ಮರುದಿನ ತರಗತಿಗೆ ಹೋದರೆ ಕರಿಹಲಗೆಯ ಮೇಲೆ ಯಾರೋ ಇಸ್ಪೀಟಿನ ರಾಜನನ್ನು ಬರೆದು, ಅವನಿಗೆ ನನ್ನ ಕನ್ನಡಕ ತೊಡಿಸಿದ್ದರು.

ಕೆರಳಿದೆ. ಪತ್ರಿಕೆಗಳ ನಡತೆಯನ್ನು ವಿಚಾರಿಸಲು ದಿಲ್ಲಿಯಲ್ಲೊಂದು ಮಂಡಳಿಯಿದೆ, ತುರ್ತುಪರಿಸ್ಥಿತಿಯಲ್ಲಿ ಅದನ್ನೇ ಬರಖಾಸ್ತು ಮಾಡಿ ಆಮೇಲೆ ಮತ್ತೆ ಹುಟ್ಟಿಸಿದರು ಎಂಬುದನ್ನೆಲ್ಲ ಮಕ್ಕಳಿಗೆ ಪಾಠ ಮಾಡಿದವನು ನಾನು. ಆ ಮಂಡಳಿ ದಂಡ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ತಪ್ಪಿದ ಪತ್ರಿಕೆಗೆ ಛೀಮಾರಿ ಹಾಕಬಹುದು, ಅಷ್ಟೇ. ಮನುಷ್ಯನಿಗೆ ನಾಚಿಕೆಯೆಂಬುದು ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಸ್ವಯಂನಿಯಂತ್ರಣದ ಏರ್ಪಾಡು ನಿಂತಿದೆ. ಇಷ್ಟು ಜ್ಞಾನವನ್ನೂ ಹೊತ್ತು ಪತ್ರಿಕಾ ಕಚೇರಿಗೆ ಹೋಗಿ, ಸಂಪಾದಕರ ಚಹಾ ಆರುವವರೆಗೆ ಪತ್ರಿಕಾಧರ್ಮದ ಬಗ್ಗೆ ಪ್ರವಚನ ಕೊಟ್ಟೆ. ಅವರು ಸ್ಪಷ್ಟನೆ ಹಾಕಲು ಒಪ್ಪಿದರು. ಅರೆಬರೆ ಸ್ಪಷ್ಟನೆ ಬೇಡ, ಸಿಕ್ಕವನು ಯಾರೆಂದು ಪೂರ್ತಿ ವಿವರ ಬರಲೇಬೇಕು ಎಂದು ಪಟ್ಟು ಹಿಡಿದವನು ನಾನೇ.

ಬಂತು. ಬಂಧಿತನಾದ ಕೊಟ್ರೇಶ ಕೊಟ್ಟೂರಿನ ಶಿಕ್ಷಕನಲ್ಲ, ಇಟ್ಟಿಗಿ ಊರಿನವನು, ಹಡಗಲಿಯ ನಿಲ್ದಾಣದಿಂದ ಮಲ್ಲಿಗೆ ಬುಟ್ಟಿಗಳನ್ನು ಸಾಗಿಸುವವನು ಎಂದು ತಂದೆಯ ಹೆಸರಿನ ಸಮೇತ ಅಚ್ಚಾಯಿತು. ಸಹೋದ್ಯೋಗಿಗಳಿಗೆಲ್ಲ ಮಿರ್ಚಿ ಮಂಡಕ್ಕಿ ತಿನ್ನಿಸಿದೆ. ಸತ್ಯಕ್ಕೆ ಜಯವಾಯಿತೆಂದು ಸಣ್ಣದೊಂದು ಭಾಷಣವನ್ನೂ ಮಾಡಿದೆನೆಂಬುದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೆಲವು ತಿಂಗಳ ಮೇಲೆ ಪರೀಕ್ಷೆಯ ಕೆಲಸಕ್ಕೆ ಹಡಗಲಿಗೆ ಹೋದಾಗ, ನಿಲ್ದಾಣದಲ್ಲಿ ಒಬ್ಬಾತ ಯಾರನ್ನೋ ವಿಚಾರಿಸಿಕೊಂಡು ನನ್ನ ಹತ್ತಿರ ಬಂದು ಕೈಮುಗಿದ.

“ಕೊಟ್ಟೂರಿನ ಕೊಟ್ರೇಶ ಮೇಷ್ಟ್ರು ಅಲ್ರೀ? ನಾನ್ರಿ, ಆ ಇನ್ನೊಬ್ಬ ಕೊಟ್ರೇಶ.”

ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೆಳಗಿನ ಜಾವ ತೋಟದವರು ಹೂವಿನ ಬುಟ್ಟಿಗಳನ್ನು ಅವನ ಕೈಗೆ ಕೊಡುತ್ತಿದ್ದರು. ಆತ ಅವನ್ನು ಹೊರಗಿನ ಪೇಟೆಗಳಲ್ಲಿ ಮಾರಿ, ಬಂದ ಹಣವನ್ನು ಅವರವರ ಮನೆಗೆ ಮುಟ್ಟಿಸುತ್ತಿದ್ದ. ಬರಹವಿಲ್ಲ, ರಸೀದಿಯಿಲ್ಲ, ಬಾಯಿಮಾತೇ ಎಲ್ಲ. ದಾಳಿಯಾದಾಗ ದಂಡ ಕಟ್ಟಿ ಸುಮ್ಮನೆ ಮನೆಗೆ ಬಂದಿದ್ದ, ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಸ್ಪಷ್ಟನೆ ಬಂದ ಮೇಲೆ ತೋಟದವರು ಒಬ್ಬೊಬ್ಬರಾಗಿ ಬುಟ್ಟಿಯನ್ನು ಬೇರೊಬ್ಬನಿಗೆ ಕೊಡತೊಡಗಿದರು.

“ನಿಮ್ಮದೇನ್ ತಪ್ಪಿಲ್ಲ ಬಿಡ್ರಿ. ಆಡಿದ್ದು ಖರೇನ ಐತಿ. ಆದ್ರ ಹೂವಿನ ರೊಕ್ಕದಾಗ ಆಡಿಲ್ರಿ, ನನ್ನ ರೊಕ್ಕದಾಗ ಆಡಿದ್ದು. ನೀವು ಹೇಳಿದ್ರ ಪೇಪರ್ನೋರು ಕೇಳ್ತಾರ. ಅದೊಂದು ಹಾಕಸ್ರಿ.”

ಮತ್ತೆ ಸಂಪಾದಕರಲ್ಲಿಗೆ ಹೋದೆ, ಈ ಸಲ ಪ್ರವಚನವಿಲ್ಲದೆ. ಅವರು ನಕ್ಕರು. “ಹೂವಿನ ರೊಕ್ಕ ಅಂತ ನಾವು ಬರದೇ ಇಲ್ಲಲ್ರೀ ಮೇಷ್ಟ್ರೇ. ಬರೀದೇ ಇದ್ದದ್ದಕ್ಕ ಸ್ಪಷ್ಟನೆ ಹೆಂಗ ಕೊಡೋದು?”

ಅವರು ಹೇಳಿದ್ದು ಸರಿಯೇ. ಆ ಸ್ಪಷ್ಟನೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದಿಲ್ಲಿಯ ಮಂಡಳಿಗೆ ಬರೆದಿದ್ದರೂ ಛೀಮಾರಿಗೆ ಅರ್ಹರಾದವರು ಯಾರೂ ಸಿಗುತ್ತಿರಲಿಲ್ಲ. ಸುಳ್ಳಿನಿಂದ ನನಗಾದ ನೋವಿಗೆ ಮದ್ದಿತ್ತು, ಸತ್ಯದಿಂದ ಅವನಿಗಾದದ್ದಕ್ಕೆ ಇರಲಿಲ್ಲ. ಯಾವ ಮಂಡಳಿಯೂ ನನ್ನನ್ನು ವಿಚಾರಿಸಲಿಲ್ಲ, ಆದರೂ ನನಗೆ ನಾಚಿಕೆಯಾಯಿತು.

ಸಂಪಾದಕರ ಉತ್ತರವನ್ನು ಹೇಳಲು ಮತ್ತೆ ಹಡಗಲಿಗೆ ಹೋದೆ. ಆತ ನಿಲ್ದಾಣದ ಕಂಬಕ್ಕೊರಗಿ ನಿಂತಿದ್ದ. ಪೂರ್ತಿ ಕೇಳಿ, “ಇರ್ಲಿ ಬಿಡ್ರಿ, ನೀವರ ಹೋಗಿ ಕೇಳಿದ್ರಲ್ಲ” ಎಂದ. ಅಷ್ಟರಲ್ಲಿ ಹೊಸಪೇಟೆಯ ಬಸ್ಸು ಬಂತು, ಕಂಡಕ್ಟರ್ ಬಾಗಿಲಲ್ಲೇ ನಿಂತು ಕೂಗಿದ:

“ಕೊಟ್ರೇಶಾ! ಲಗೂನ ಬುಟ್ಟಿ ಏರಸಲೇ!”

ಹೂವಿನ ಕೆಲಸಕ್ಕೆ ಹೊಸದಾಗಿ ಬಂದವನೂ ಕೊಟ್ರೇಶನೇ. ಅವನು ಬುಟ್ಟಿಗಳತ್ತ ಓಡಿದ. ನನ್ನ ಪಕ್ಕದಲ್ಲಿದ್ದವನು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು, ಅಲ್ಲೇ ನಿಂತು, ಕೈಗಳನ್ನು ಅಂಗಿಗೆ ಒರೆಸಿಕೊಂಡ.

ಈಗ ಯಾರು ಎಲ್ಲಿ ಆ ಹೆಸರು ಕೂಗಿದರೂ, ನಾನೂ ತಿರುಗುತ್ತೇನೆ.