ಎರಡನೆಯ ವಿಷಯ

ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಮುಖ್ಯ ವಿಷಯವಾಗಿ ತೆಗೆದುಕೊಳ್ಳಲೋ ಬೇಡವೋ ಎಂದು ಅವಳು ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳು. ಗೆಳತಿಯರು ಅವಳಿಗೆ ‘ತಕ್ಕಡಿ’ ಎಂದೇ ಹೆಸರಿಟ್ಟಿದ್ದರು. ಮೇಷ್ಟ್ರು “ತಗೋಮ್ಮ, ಕೆಲಸಕ್ಕೆ ಒಳ್ಳೇದು” ಎಂದರೆ ಅರ್ಜಿಯಲ್ಲಿ ಪೆನ್ಸಿಲಿನಿಂದ ಬರೆಯುವಳು, ಸೀನಿಯರ್ ಒಬ್ಬಳು “ಅದನ್ನ ಯಾರೇ ನೋಡ್ತಾರೆ?” ಎಂದರೆ ಅಳಿಸುವಳು. ಆ ಜಾಗದಲ್ಲಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಿ ತೆರೆದುಕೊಂಡೇ ಡಾಕ್ಟರನ್ನೂ ಕೇಳಿದ್ದಳಂತೆ. ಕೊನೆಯ ದಿನ ಕಾಲೇಜಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಒಂದು ಓದಿದ್ರೆ ಸಾಲ್ದೇನಮ್ಮ?” ಎಂದರು. ಅವಳಿಗೆ ಅಪ್ಪ ನೆನಪಾದರು. ಅವರು ಪತ್ರಿಕೆಯೊಂದರಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದವರು. ಅದು ಬಿಟ್ಟರೆ ಬೇರೆ ಕೆಲಸ ಬಾರದು. ಇನ್ನು ಕಂಪ್ಯೂಟರೇ ತಿದ್ದುತ್ತದೆಂದು ಅವರನ್ನು ಮನೆಗೆ ಕಳಿಸಿ ವರ್ಷವಾಗಿತ್ತು. ಈಗಲೂ ಅವರು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೋಪಿನ ಪೊಟ್ಟಣ, ಔಷಧಿ ಡಬ್ಬಿಗಳ ಮೇಲಿನ ಅಕ್ಷರಗಳಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದುತ್ತಾ ಕೂರುತ್ತಿದ್ದರು. “ಒಂದು ಸಾಲ್ದು ಸಾರ್” ಎಂದವಳೇ ಎರಡನ್ನೂ ಬರೆದು ಅರ್ಜಿ ಕೊಟ್ಟಳು. ಮೆಟ್ಟಿಲಿಳಿಯುವಷ್ಟರಲ್ಲಿ, ಎರಡಾದರೂ ಸಾಕಾಗುತ್ತದೆಯೇ ಎಂಬ ದಿಗಿಲು ಶುರುವಾಗಿತ್ತು.