ಹದಿನಾಲ್ಕು ಖಾಲಿ ಪೊಟ್ಟಣ

ಅವಳ ಕೂದಲು ಕತ್ತರಿಸಿದವಳು ನಾನೇ. ಮಾನಸಿಕ ವಾರ್ಡಿನಲ್ಲಿ ನನ್ನ ಆರು ತಿಂಗಳ ತರಬೇತಿಯ ಕೊನೆಯ ತಿಂಗಳು ಅದು. ಹೇನು ಬಿದ್ದ ಹುಡುಗಿಯರ ಕೂದಲು ತೆಗೆಯುವ ಕೆಲಸ ಹೊಸಬರದು. ಆ ದಿನದ ಡೈರಿಯಲ್ಲಿ ‘ಕೂದಲು: ಮೂರು ಮಂದಿ’ ಎಂದಷ್ಟೇ ಇದೆ. ಮೂರನೆಯವಳು ಅವಳು. ಹದಿನಾಲ್ಕು ವರ್ಷ, ಎಂಟನೆಯ ಇಯತ್ತೆ, ನವಲಗುಂದ ತಾಲೂಕಿನವಳು.

ಕತ್ತರಿ ಕೆಳಗಿಟ್ಟಾಗ ಅವಳು ಕೇಳಿದ್ದು ಒಂದೇ ಮಾತು. “ನನ್ನ ಹೆಳಲ ಎಲ್ಲಿಟ್ರಿ, ಸಿಸ್ಟರ?”

“ಒಗದ್ವಿ.”

“ನಮ್ಮವ್ವ ಕೇಳ್ತಾಳ್ರಿ.”

ಅವಳ ಕಾಯಿಲೆ ಶುರುವಾದದ್ದು ಮನೆಯ ಮುಂದಿನ ಹಗೇವಿನಿಂದ. ನಮ್ಮ ಕಡೆ ಜೋಳ ತುಂಬಿಡಲು ನೆಲದಲ್ಲಿ ತೋಡುವ ಕಣಜ ಅದು. ಬಾಯಿ ಮುಚ್ಚಿ ಮಣ್ಣು ಹಾಕಿದ ಮೇಲೆ ಅಲ್ಲೊಂದು ಹಗೇವು ಇದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅದರೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದು ಅವಳು ಹೇಳತೊಡಗಿದಳು. ಆಮೇಲೆ ಅದರ ಮೇಲೆ ಕಾಲಿಡುವುದನ್ನು ಬಿಟ್ಟಳು, ಶಾಲೆ ಬಿಟ್ಟಳು, ಕೊನೆಗೆ ನಿದ್ದೆಯನ್ನೂ ಬಿಟ್ಟಳು. ವಾರ್ಡಿನಲ್ಲಿ ಗುಳಿಗೆ ಶುರುವಾದ ಹತ್ತೊಂಬತ್ತನೆಯ ದಿನ, “ಇವತ್ತ ಯಾರೂ ಕರದಿಲ್ರಿ,” ಎಂದಳು. ಅದನ್ನು ಬರೆದುಕೊಂಡಿದ್ದೇನೆ, ಕೆಳಗೆ ಗೆರೆ ಎಳೆದು.

ತರಬೇತಿ ಮುಗಿದ ಮೇಲೆ ನನ್ನನ್ನು ಮೊರಬದ ಆಚೆಯ ಹಳ್ಳಿಗಳಿಗೆ ಹಾಕಿದರು. ಎಂಬತ್ತರ ದಶಕದ ನಡುವಿನ ಮಾತು, ನನಗೆ ಇಪ್ಪತ್ತೆರಡು. ನಾನು ಅಲ್ಲಿಗೆ ಹೋದ ಎರಡನೆಯ ತಿಂಗಳ ಒಂದನೇ ತಾರೀಖು ಅದೇ ಹುಡುಗಿ ಬಿಡುಗಡೆಯಾಗಿ ಮನೆಗೆ ಬಂದಳು. ಅವಳ ಊರು ನನ್ನ ಪಾಲಿನದೇ ಆಗಿತ್ತು. ಡಾಕ್ಟರು ಚೀಟಿ ಕಳಿಸಿದ್ದರು: ದಿನಕ್ಕೆ ಎರಡು ಗುಳಿಗೆ, ಮುಂಜಾನೆ ಒಂದು, ಸಂಜೆ ಒಂದು, ಊಟವಾದ ಮೇಲೆ. ವಾರಕ್ಕೊಮ್ಮೆ ಹೋಗಿ ಕೊಡುವುದು, ನೋಡುವುದು, ಬರೆಯುವುದು ನನ್ನ ಕೆಲಸ.

ಅಂದು ಗುರುವಾರ, ಅದನ್ನೇ ಗೊತ್ತು ಮಾಡಿಕೊಂಡೆ. ಒಂದೊಂದು ಗುಳಿಗೆಯನ್ನು ಒಂದೊಂದು ಕಾಗದದಲ್ಲಿ ಮಡಿಚಿ ಹದಿನಾಲ್ಕು ಪೊಟ್ಟಣ ಕಟ್ಟಿದೆ. ಅವಳ ತಾಯಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಎದುರಿಗೆ ಕೂತು ಬಾಯಿಪಾಠ ಮಾಡಿಸಿದೆ. “ಯಾವಾಗ ಕೊಡೋದು?”

“ಉಂಡ ಮ್ಯಾಲರಿ.”

“ಬರೀ ಹೊಟ್ಟೀಲೆ?”

“ಕೊಡಂಗಿಲ್ರಿ.”

“ಖಾಲಿ ಕಾಗದ?”

“ಒಗಿಯಂಗಿಲ್ರಿ. ನಿಮಗ ಎಣಿಸಿ ಕೊಡಬೇಕ್ರಿ.”

ನನಗೆ ಸಮಾಧಾನವಾಯಿತು.

ಎಂಟನೇ ತಾರೀಖು ಹೋದಾಗ ಆ ತಾಯಿ ಗೂಡಿನಿಂದ ಖಾಲಿ ಕಾಗದಗಳನ್ನು ತೆಗೆದು ನನ್ನ ಉಡಿಗೆ ಹಾಕಿದರು. ಹದಿನಾಲ್ಕು. ಆದರೆ ಸುದ್ದಿ ಒಳ್ಳೆಯದಿರಲಿಲ್ಲ. ಎರಡು ದಿನದ ಹಿಂದೆ ಸಂಜೆ ಹುಡುಗಿಯ ಕತ್ತು ಎಡಕ್ಕೆ ತಿರುಗಿ ನಿಂತಿತ್ತು, ಕಣ್ಣುಗುಡ್ಡೆಗಳು ಮೇಲೇರಿದ್ದವು, ನಾಲಿಗೆ ದಪ್ಪವಾಗಿ ಮಾತು ಹೊರಡಲಿಲ್ಲ. ಎರಡು ತಾಸಿನ ಮೇಲೆ ತಾನೇ ಸರಿಹೋಯಿತು. ನಾನು ‘೬, ಸಂಜೆ, ಕತ್ತು’ ಎಂದು ಬರೆದುಕೊಂಡೆ. ಈ ಗುಳಿಗೆ ಹೆಚ್ಚಾದರೆ ಕತ್ತು ಹೀಗೆ ತಿರುಗುತ್ತದೆಂದು ವಾರ್ಡಿನಲ್ಲಿ ಕಲಿತಿದ್ದೆ. ಆದರೆ ಹೆಚ್ಚಾಗಿಲ್ಲವಲ್ಲ, ಎಣಿಕೆ ನನ್ನ ಉಡಿಯಲ್ಲೇ ಇತ್ತು.

ಹದಿನೈದಕ್ಕೆ ಹೋದಾಗ ಹದಿನಾಲ್ಕು ಕಾಗದ. ಹದಿಮೂರರ ಸಂಜೆ ಕತ್ತು ಮತ್ತೆ ತಿರುಗಿತ್ತು. ಇಪ್ಪತ್ತೆರಡಕ್ಕೂ ಹದಿನಾಲ್ಕು, ಇಪ್ಪತ್ತರ ಸಂಜೆ ಕತ್ತೂ ಹಾಗೆಯೇ. ಆ ದಿನ ಬಾಜೂ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕಂಡು, “ನರ್ಸಬಾಯಾರ, ನಿಮ್ಮ ಗುಳಿಗಿ ಎದಕ್ಕ ಬೇ? ಹುಡುಗಿ ಮೈಯಾಗ ದೇವಿ ಬರಾಕತ್ತಾಳ. ವಾರಾನ ಹಂಗೈತಿ,” ಎಂದರು.

“ದೇವಿ ಅಲ್ಲಜ್ಜಿ, ಇದು ಔಷಧದ್ದು.”

“ಹಂಗಾರ ಔಷಧಕ್ಕೂ ವಾರ ಗೊತ್ತಾಗತೈತೇನ?” ಎಂದು ನಕ್ಕರು.

ಅಜ್ಜಿಯ ಮಾತನ್ನು ಬರೆದುಕೊಳ್ಳಲಿಲ್ಲ. ಅಂಥವನ್ನು ಬರೆಯಲು ನನ್ನ ವಹಿಯಲ್ಲಿ ಜಾಗವಿರಲಿಲ್ಲ. ತಾರೀಖು, ಗುಳಿಗೆ, ನಿದ್ದೆ, ಊಟ, ಹಗೇವಿನ ಕೂಗು, ಕತ್ತು, ಇವಿಷ್ಟಕ್ಕೆ ಗೆರೆ ಹಾಕಿದ್ದೆ. ವಾರಕ್ಕೊಂದು ಪುಟ.

ಮರುದಿನ ಅಣ್ಣಿಗೇರಿಗೆ ಡಾಕ್ಟರು ಬರುವ ದಿನ. ತಿಂಗಳಿಗೊಮ್ಮೆ ಬಂದು ನಮ್ಮ ಕಡೆಯ ರೋಗಿಗಳನ್ನು ನೋಡಿ ಹೋಗುತ್ತಿದ್ದರು. ಅವರು ನನ್ನ ವಹಿಯ ಮೂರು ಪುಟ ತಿರುವಿ, “ಗುಳಿಗಿ ಒಂದೂ ತಪ್ಪಿಲ್ಲ?” ಎಂದು ಕೇಳಿದರು.

“ಇಲ್ಲ ಸರ್. ನಲವತ್ತೆರಡು ಖಾಲಿ ಪೊಟ್ಟಣ ಎಣಿಸೇನಿ.”

“ಅಂದ್ರ ಇಷ್ಟಕ್ಕೂ ಆಕಿ ಮೈ ತಾಳೂದಿಲ್ಲ. ಕಡಿಮಿ ಮಾಡಿದ್ರ ಹಗೇವಿನ್ಯಾಗಿಂದ ಮತ್ತ ಕರೀತಾರ. ಬ್ಯಾರೆ ಗುಳಿಗಿ ಹಚ್ಚಬೇಕು, ಅದನ್ನ ಕಣ್ಣ ಮುಂದ ಇಟಗೊಂಡ ಹಚ್ಚಬೇಕು. ಬರೂ ಗುರುವಾರ ಅಡ್ಮಿಟ್ ಮಾಡಸ್ರಿ. ಒಂದ ಎರಡ ತಿಂಗಳು.”

ಎರಡು ತಿಂಗಳೆಂದರೆ ಆ ವರ್ಷದ ಶಾಲೆ ಮುಗಿದಂತೆ. ಹತ್ತು ದಿನದಿಂದ ಅವಳು ಶಾಲೆಗೆ ಹೋಗತೊಡಗಿದ್ದಳು, ಹಗೇವನ್ನು ಬಳಸಿಕೊಂಡು, ಗೋಡೆಗೆ ಹತ್ತಿ ನಡೆದು, ಆದರೂ ಹೋಗುತ್ತಿದ್ದಳು.

ಈ ಸುದ್ದಿಯನ್ನು ಗುರುವಾರವೇ ಹೇಳಿ ಬಸ್ಸು ಹತ್ತಿಸುವುದು ಸರಿಯಲ್ಲ ಎನಿಸಿ ಸೋಮವಾರ, ಇಪ್ಪತ್ತಾರನೇ ತಾರೀಖು, ಮಧ್ಯಾಹ್ನ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣು ಚಪ್ಪಲಿಗೆ ಅಂಟಿ ಅಂಟಿ ಭಾರವಾಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಶಾಲೆಯ ನಡುವಿನ ಸೂಟಿಗೆ ಹುಡುಗಿ ಮನೆಗೆ ಬಂದಿದ್ದಳು. ಕೂದಲು ಎರಡು ಬೆರಳು ಉದ್ದ ಬೆಳೆದಿತ್ತು. ಅದಕ್ಕೇ ಒಂದು ಕೆಂಪು ರಿಬ್ಬನ್ ಸುತ್ತಿಕೊಂಡಿದ್ದಳು.

ನಾನು ನೇರವಾಗಿ ಹೇಳಿದೆ. ಅವಳು ಅಳಲಿಲ್ಲ. ರಿಬ್ಬನ್ ಬಿಚ್ಚಿ ಬೆರಳಿಗೆ ಸುತ್ತಿ, “ಮತ್ತ ಕತ್ತರಸ್ತೀರೇನ್ರಿ?” ಎಂದಳು.

“ಹೇನಿಲ್ಲಂದ್ರ ಇಲ್ಲ.”

“ನಾ ದಿನಾ ಹಣಗಿ ಹಾಕ್ಕೋತೇನ್ರಿ. ನೋಡ್ರಿ ಬೇಕಾರ.” ತಲೆ ಬಗ್ಗಿಸಿ ನನ್ನ ಮುಂದೆ ಹಿಡಿದಳು. ನಾನು ನೋಡಿದೆ. ಒಂದೂ ಇರಲಿಲ್ಲ.

ಅವಳ ತಲೆ ಎತ್ತಿಸಿ, “ಮುಂಜಾನೆ ಗುಳಿಗಿ ತಗೊಂಡೀ?” ಎಂದೆ. ಕೇಳಲೇಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದದ್ದು.

“ಇಲ್ರಿ, ಇವತ್ತ ಸೋಮಾರ.”

“ಸೋಮಾರ ಆದ್ರ?”

ಒಳಗಿನಿಂದ ತಾಯಿ ಹೇಳಿದರು. “ಉಪಾಸರಿ ಆಕಿಗೆ. ಹದಿನಾರು ಸೋಮಾರ ಹಿಡಿಸೇನಿ, ಆರಾಮ ಆಗಲಿ ಅಂತ. ಇದು ನಾಕನೇದು. ಊಟ ಇಲ್ಲಲ್ರಿ, ಹಂಗಾಗಿ ಗುಳಿಗೀನೂ ಇಲ್ಲ.”

ಹುಡುಗಿಯ ಮುಂದೆ ತಾಟಿನಲ್ಲಿ ಶಾಬುದಾಣಿ ಇತ್ತು, ಒಂದು ಬಾಳೆಹಣ್ಣು ಇತ್ತು. “ಇದೇನು ಮತ್ತ?”

“ಅದು ಫಳಾರರಿ, ಊಟ ಅಲ್ಲ. ನೀವ ಹೇಳೀರಲ್ಲ, ಉಂಡ ಮ್ಯಾಲೆ ಅಂತ. ಮಂಗಳಾರ ಮುಂಜಾನೆ ಉಪಾಸ ಬಿಡ್ತಾಳ.”

“ಹಂಗಾರ ಸೋಮವಾರದ ಎರಡು ಪುಡಿಕಿ ಉಳೀಬೇಕಲ್ಲ? ಹದಿನಾಲ್ಕು ಖಾಲಿ ಹೆಂಗ ಬರ್ತಾವು?”

“ಮಂಗಳಾರ ಸೇರಿಸಿ ಕೊಡ್ತೇನ್ರಿ. ಮುಂಜಾನೆ ಎರಡು, ಸಂಜೀಕ ಎರಡು. ಉಳದ್ರ ನೀವು ಬೈತೀರಿ.”

ವಹಿ ತೆಗೆದು ಮೂರು ಪುಟಗಳನ್ನು ಒಟ್ಟಿಗೆ ಹಿಡಿದೆ. ಆರು, ಹದಿಮೂರು, ಇಪ್ಪತ್ತು. ಮೂರೂ ಮಂಗಳವಾರ, ದೇವಿಯ ವಾರ. ತಾರೀಖು ಬರೆದಿದ್ದೆ, ವಾರ ಬರೆದಿರಲಿಲ್ಲ. ಶೇಂಗಾ ಸುಲಿಯುತ್ತಿದ್ದ ಅಜ್ಜಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ.

“ವ್ರತದ ಸುದ್ದಿ ನನಗ ಯಾಕ ಹೇಳಲಿಲ್ಲ?” ಎಂದೆ. ದನಿ ಏರಿತ್ತು.

ತಾಯಿ ಬೆದರಲಿಲ್ಲ. “ನೀವು ಕೇಳಲಿಲ್ಲರಿ. ಬಂದ್ರಿ, ಕಾಗದ ಎಣಿಸಿದ್ರಿ, ಹೋದ್ರಿ.”

ನಿಜವೇ ಆಗಿತ್ತು. ಕಾಗದ ಎಣಿಸಿದ ಮೂರು ಗುರುವಾರದಲ್ಲಿ ಆ ಮನೆಯಲ್ಲಿ ನಾನು ಚಹಾ ಕುಡಿದದ್ದು ಒಂದು ಸಲ, ಅದೂ ನಿಂತುಕೊಂಡು.

ಉಪವಾಸ ಬಿಡಿಸಿರಿ ಎಂದು ಹೇಳುವುದು ಸುಲಭವಿತ್ತು, ಆದರೆ ಅದು ನಡೆಯುತ್ತಿರಲಿಲ್ಲ. ಮಗಳಿಗೆ ತಾನು ಮಾಡಬಹುದಾದದ್ದು ಅದೊಂದೇ ಎಂದು ಆ ತಾಯಿ ನಂಬಿದ್ದರು. ಗುಳಿಗೆ ನನ್ನದು, ಸೋಮವಾರ ಅವರದು. ಸ್ವಲ್ಪ ಯೋಚಿಸಿ, “ಉಪಾಸಕ್ಕ ಹಾಲು ನಡೀತೈತೇನು?” ಎಂದು ಕೇಳಿದೆ.

“ನಡೀದ ಏನ್ರಿ? ಹಾಲಿಗೆ ಯಾವ ಮೈಲಿಗಿ?”

“ಹಾಲಿನ ಕೂಡ ಗುಳಿಗಿ?”

ತಾಯಿ ಮಗಳ ಮುಖ ನೋಡಿದರು, ಆಮೇಲೆ ದೇವರ ಗೂಡಿನ ಕಡೆ ನೋಡಿದರು. “ಗುಳಿಗ್ಯಾಗ ಉಳ್ಳಾಗಡ್ಡಿ ಇಲ್ಲಲ್ರಿ?”

“ಇಲ್ಲ.”

“ಹಂಗಾರ ನಡೀತೈತಿ.”

ಹುಡುಗಿ ಮೊದಲ ಸಲ ನಕ್ಕಳು. “ಯವ್ವಾ, ಗುಳಿಗ್ಯಾಗ ಉಳ್ಳಾಗಡ್ಡಿ ಯಾರ ಹಾಕ್ತಾರ ಬೇ?”

“ನೀ ಸುಮ್ನ ಕುಂದ್ರ. ದವಾಖಾನ್ಯಾಗ ಏನೇನ ಹಾಕ್ತಾರೋ, ನನಗೇನ ಗೊತ್ತು.”

ತಪ್ಪಿದ ಗುಳಿಗೆಯನ್ನು ಮರುದಿನ ಸೇರಿಸಬಾರದು, ಉಳಿದರೆ ಉಳಿಯಲಿ, ಬೈಯುವುದಿಲ್ಲ ಎಂದು ಮೂರು ಸಲ ಹೇಳಿದೆ. ಅಂದಿನ ಮುಂಜಾನೆಯದನ್ನು ಬಿಟ್ಟು ಸಂಜೆಯದನ್ನು ಹಾಲಿನೊಡನೆ ಕೊಡಲು ಒಪ್ಪಿಸಿದೆ. ಮಂಗಳವಾರ ಸಂಜೆ ಮತ್ತೆ ಹೋಗಿ ದೀಪ ಹಚ್ಚುವವರೆಗೆ ಅವರ ಕಟ್ಟೆಯ ಮೇಲೆ ಕೂತೆ. ಅವಳು ಭೂಗೋಳದ ಪುಸ್ತಕ ಹಿಡಿದು ನದಿಗಳ ಹೆಸರು ಒಪ್ಪಿಸಿದಳು. ಕತ್ತು ತಿರುಗಲಿಲ್ಲ.

ಬುಧವಾರ ಮೊದಲ ಬಸ್ಸಿಗೆ ಆಸ್ಪತ್ರೆಗೆ, ಡಾಕ್ಟರ ಬಳಿ ಹೋದೆ. “ಎಣಿಕಿ ಸರಿ ಇತ್ತು ಸರ್, ನಾನು ತಪ್ಪು ಹೇಳಿದೆ,” ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಹೊಗಳಲೂ ಇಲ್ಲ. ಅಣ್ಣಿಗೇರಿಯಲ್ಲಿ ನನಗೆ ಬರೆದುಕೊಟ್ಟಿದ್ದ ಅಡ್ಮಿಷನ್ ಚೀಟಿಯ ಮೇಲೆ ಅಡ್ಡಗೆರೆ ಎಳೆದು ಮರಳಿ ಕೊಟ್ಟು, “ಅದೇ ಗುಳಿಗಿ ನಡೀಲಿ. ಒಂದು ತಿಂಗಳು ನೋಡೂಣು,” ಎಂದರು. ಬಾಗಿಲ ಬಳಿ ಹೋದಾಗ ಮತ್ತೆ ಕರೆದು, “ರಂಜಾನದಾಗ ರೋಜಾ ಹಿಡಿಯೋರು ನಿಮ್ಮ ಪಟ್ಟಿಯಾಗ ಎಷ್ಟು ಮಂದಿ ಅದಾರ, ಅದನ್ನೂ ಕೇಳಕೊಂಡ ಬರ್ರಿ,” ಎಂದರು. ನಾಲ್ಕು ಮಂದಿ ಇದ್ದರು.

ಗುರುವಾರ ಹೋದಾಗ ಅವಳು ಚೀಲ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಬಟ್ಟೆಯ ಮೇಲೆ ಹಣಿಗೆ ಇಟ್ಟುಕೊಂಡಿದ್ದು ಕಾಣುತ್ತಿತ್ತು. “ಚೀಲ ಬಿಚ್ಚು,” ಎಂದೆ. ಅವಳು ಕೂಡಲೇ ಬಿಚ್ಚಲಿಲ್ಲ. ಅಡ್ಡಗೆರೆ ಎಳೆದ ಚೀಟಿಯನ್ನು ಕೇಳಿ ಇಸಿದುಕೊಂಡು, ಎರಡು ಸಲ ಓದಿ, ಆಮೇಲೆ ಬಿಚ್ಚಿದಳು.

ತಾಯಿ ಕಾಗದಗಳನ್ನು ತಂದರು. ಹನ್ನೆರಡು ಖಾಲಿ, ಎರಡು ತುಂಬಿದವು. ಒಂದು ಸೋಮವಾರ ಮುಂಜಾನೆಯದು. ಇನ್ನೊಂದು? “ಐತವಾರ ಸಂಜೀಕ ಮರತೇನ್ರಿ,” ಎಂದರು, ಕಣ್ಣು ತಪ್ಪಿಸದೆ.

ನಾನು ಕೂತು ಚಹಾ ಕುಡಿದೆ. ಹುಡುಗಿ ನನ್ನ ವಹಿಯನ್ನು ತೆಗೆದುಕೊಂಡು ಅಳತೆಪಟ್ಟಿಯಿಟ್ಟು ತಾರೀಖಿನ ಬಾಜೂ ಒಂದು ಗೆರೆ ಎಳೆದಳು. ಮೇಲೆ ‘ವಾರ’ ಎಂದು ಬರೆದಳು, ಕೆಳಗೆ ತಾನೇ ತುಂಬಿದಳು. ಆ ಪುಟ ಈಗಲೂ ನನ್ನ ಬಳಿ ಇದೆ. ಐತವಾರ: ಒಂದು, ಸಂಜೆಯದು ಮರೆತದ್ದು. ಸೋಮವಾರ: ಒಂದು, ಹಾಲಿನ ಕೂಡ. ಮಂಗಳವಾರ: ಎರಡು, ಕತ್ತು ನೆಟ್ಟಗೆ.