ಪಲ್ಪರ್ ಮನೆಯ ಕೆಳಗಿನ ಕಲ್ಲುಗಳು

ಬಾಳ್ಳುಪೇಟೆಯ ಟೀ ಅಂಗಡಿಯಲ್ಲಿ ನನ್ನನ್ನು ಲೋಟದ ರೈಟ್ರು ಎನ್ನುತ್ತಾರೆ. ಕಾಗದದ ಕಪ್ಪಿನಲ್ಲಿ ನಾನು ಟೀ ಕುಡಿಯುವುದಿಲ್ಲ. ಬ್ಯಾಗಿನಿಂದ ನನ್ನದೇ ಸ್ಟೀಲ್ ಲೋಟ ತೆಗೆದು ಮುಂದೆ ಹಿಡಿಯುತ್ತೇನೆ, ಅಂಗಡಿಯವನು ನಗುತ್ತಾ ಸುರಿಯುತ್ತಾನೆ. ಸಂತೆಗೆ ಬಟ್ಟೆ ಚೀಲ, ಮೀನಿಗೆ ಮುಚ್ಚಳದ ಡಬ್ಬಿ, ಮದುವೆ ಮನೆಗೆ ಹೋದರೆ ನೀರೂ ನನ್ನದೇ. ಬಸ್ಸಿನಲ್ಲಿ ಪಕ್ಕದವರು ಬಿಸ್ಕತ್ತಿನ ಕವರನ್ನು ಕಿಟಕಿಯಿಂದಾಚೆ ಎಸೆಯಲು ಕೈ ಎತ್ತಿದರೆ "ಇಲ್ಲಿ ಕೊಡಿ ಸ್ವಾಮಿ" ಎಂದು ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತೇನೆ. ಈಗಲೂ ಇದನ್ನೆಲ್ಲ ಬಿಟ್ಟಿಲ್ಲ. ಜನ ಹೊಗಳುತ್ತಾರೆ. ಹೊಗಳಿದರೆ ಬಾಯೆಲ್ಲ ಕಹಿಯಾಗುತ್ತದೆ. ಯಾಕೆ ಎಂದು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಹಾಕುವವನು, ಸ್ಟೋರಿನ ಬೀಗ ಸೊಂಟಕ್ಕೆ ಸಿಕ್ಕಿಸಿಕೊಂಡವನು, ಸಾಹುಕಾರರಿಗೂ ಆಳುಗಳ ಸಾಲುಮನೆಯಾದ ಲೈನಿನವರಿಗೂ ಮಧ್ಯೆ ಸಿಕ್ಕಿಕೊಂಡವನು. ಪಿಯುಸಿಗೆ ಓದು ನಿಂತಿತು, ಓದುವ ಚಪಲ ನಿಲ್ಲಲಿಲ್ಲ. ಮೊಳೆ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದೆ. ಔಷಧಿ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರವನ್ನು ಕೊನೆಯವರೆಗೆ ಓದಿ, ಅದನ್ನು ಗಿಡಕ್ಕೆ ಹೊಡೆಯುವವರ ಮೂಗಿಗೆ ಬಟ್ಟೆ ಕಟ್ಟಿಸುತ್ತಿದ್ದೆ. ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ "ಇಷ್ಟ್ ತಿಳ್ಕಂಡು ಏನ್ ಮಾಡ್ತೀರಾ? ಒಂದ್ ಕೊಡ ನೀರ್ ತಂದ್‌ಕೊಡಿ" ಎನ್ನುತ್ತಿದ್ದಳು. ಅವಳು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ನನಗೆ ನಿಜವಾಗಿ ಏನಾದರೂ ಕಲಿಸಿದವರು ಅಕ್ಕ. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ ಎಸ್ಟೇಟಿನಲ್ಲಿ ಎಲ್ಲರಿಗೂ ಅವರು ಅಕ್ಕ. ಮದುವೆಯಾಗಿ ಬಂದ ದಿನದಿಂದ ಲೈನಿನ ಕಡೇ ಮನೆಯಲ್ಲಿದ್ದಾರೆ. ಗಂಡ ಸತ್ತರು, ಕೆಲಸ ಬಿಡಲಿಲ್ಲ. ಒಂದಕ್ಷರ ಬಾರದು. ಪಲ್ಪರ್ ಮನೆಯಿಂದ ಕೆಳಕ್ಕೆ ಹಳ್ಳ ತಿರುಗುವ ಕಡೆ ಒಂದು ಮಡು ಇದೆ. ಅಕ್ಕನ ಬಟ್ಟೆ ಒಗೆಯುವ ಕಲ್ಲು ಅಲ್ಲೇ, ಸ್ನಾನವೂ ಅಲ್ಲೇ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಏಡಿ ಹಿಡಿಯುವುದೂ ಅಲ್ಲೇ. ಏಡಿ ಸಿಕ್ಕಿದ ದಿನ ನಮ್ಮ ಮನೆಗೊಂದು ಪಾಲು ಬರುತ್ತಿತ್ತು. ಬಾಗಿಲಲ್ಲೇ ನಿಂತು "ನಮ್ಮ ಮಡೂದು ಕಣವ್ವ, ಮಣ್ಣು ವಾಸ್ನೆ ಒಂಚೂರೂ ಇರಕಿಲ್ಲ" ಎಂದು ನನ್ನ ಹೆಂಡತಿಗೆ ಹೇಳಿ ಹೋಗುತ್ತಿದ್ದರು. ಸ್ವಂತದ ಗದ್ದೆ ಇರುವವರು ಗದ್ದೆಯ ಸುದ್ದಿ ಹೇಳುವಾಗ ಇರುತ್ತದಲ್ಲ, ಆ ಧಾಟಿ.

ಒಂದು ಸಲ ನಾನು ಹಳ್ಳದ ದಡದಲ್ಲಿ ನಿಂತು, ನೀರು ಎಷ್ಟು ತಿಳಿಯಾಗಿದೆ ನೋಡಿ ಎಂದೆ. ಅಕ್ಕ ನಕ್ಕುಬಿಟ್ಟರು.

"ನೀರ್ನ ಕಣ್ಣಲ್ ನೋಡಿದ್ರೆ ಏನ್ ಗೊತ್ತಾಯ್ತದೆ ರೈಟ್ರೇ? ಕಲ್ಲ್ ಎತ್ತಿ ನೋಡ್ಬೇಕು."

ಬಗ್ಗಿ ಒಂದು ಕಲ್ಲೆತ್ತಿ ತಿರುಗಿಸಿದರು. ಅಡಿಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡ ಮೂರು ಬಾಲದ ಹುಳಗಳು ದಿಕ್ಕಾಪಾಲಾಗಿ ಓಡಿದವು. ಇನ್ನೊಂದು ಜಾತಿಯದು ಮರಳ ಕಣ, ಕಡ್ಡಿ ಚೂರು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು ಒಳಗೆ ಕೂತಿತ್ತು. ಅದಕ್ಕೆ ಅಕ್ಕ ಇಟ್ಟ ಹೆಸರು ಮನೆ ಹೊತ್ಕಂಡಿರೋನು. "ಇವು ಇದ್ರೆ ನೀರ್ಗೆ ಜೀವ ಐತೆ ಅಂತ. ಇವು ಹೋಗಿ ಕೆಂಪು ದಾರದಂಗೆ ಹುಳ ಬಂತು ಅನ್ನಿ, ಮುಂದ್ಲೊರ್ಸ ಏಡಿ ಕನಸ್ನಾಗೇ."

ಅದಾದ ಕೆಲವೇ ತಿಂಗಳಿಗೆ ಸಕಲೇಶಪುರದಲ್ಲಿ ರೈಟರುಗಳಿಗೆಂದು ಒಂದು ದಿನದ ತರಬೇತಿ ಇತ್ತು. ಊಟ ಚೆನ್ನಾಗಿತ್ತು, ಭಾಷಣ ಉದ್ದವಾಗಿತ್ತು. ಹೊರಡುವಾಗ ಕೊಟ್ಟ ಹಾಳೆಯಲ್ಲಿ ನೋಡಿದರೆ ಅಕ್ಕನ ಹುಳಗಳ ಚಿತ್ರ! ಯಾವ ಹುಳ ಇದ್ದರೆ ನೀರು ಎಷ್ಟು ಒಳ್ಳೆಯದು ಎಂದು ಸಾಲಾಗಿ ಬರೆದಿದ್ದರು. ಬಾಳ್ಳುಪೇಟೆ ಮುಟ್ಟುವಷ್ಟರಲ್ಲಿ ಅದನ್ನು ನಾಲ್ಕು ಸಲ ಓದಿದೆ. ಬಸ್ಸಿಳಿದವನು ಮನೆಗೆ ಹೋಗದೆ ಸೀದಾ ಲೈನಿಗೆ ಹೋಗಿ ಓದಿ ಹೇಳಿದೆ. ಅಕ್ಕ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಥೂ, ನಮ್ಮ ಹುಳಕ್ಕೂ ಪಟ ತೆಗ್ದವ್ರಲ್ಲ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನಮ್ಮಿಬ್ಬರಲ್ಲಿ ಒಕ್ಕಾಲು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಭಾನುವಾರ ಬಂದರೆ ಇಬ್ಬರೂ ಹಳ್ಳದಲ್ಲಿರುತ್ತಿದ್ದೆವು. ಅಕ್ಕ ಕಲ್ಲೆತ್ತಿ ಹೇಳುವುದು, ನಾನು ಬರೆಯುವುದು, ಚಿತ್ರ ಬಿಡಿಸುವುದು. ಎರಡು ನೋಟ್‌ಬುಕ್ಕು ಮಾಡಿದ್ದೆ. ಪಲ್ಪರ್ ಮನೆಗಿಂತ ಮೇಲಿನ ಹಳ್ಳಕ್ಕೆ ನೀಲಿ ರಟ್ಟಿನದು, ಕೆಳಗಿನ ಮಡುವಿಗೆ ಕೆಂಪು ರಟ್ಟಿನದು. ನನ್ನ ಆಯುಸ್ಸಿನಲ್ಲಿ ಅಷ್ಟು ಖುಷಿಯಾಗಿ ನಾನು ಯಾವ ಶಾಲೆಯಲ್ಲೂ ಕೂತಿರಲಿಲ್ಲ.

ಚಳಿಗಾಲದಲ್ಲಿ ಹಣ್ಣು ಕೊಯ್ಲು ಶುರುವಾಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೇ ಪಲ್ಪರ್. ಅದಕ್ಕೆ ನೀರು ಬೇಕು, ಬಳಸಿದ ನೀರು ಎಲ್ಲಾದರೂ ಹೋಗಬೇಕು. ಹುಳಿ ನಾತದ ಕಂದು ನೀರು. ಅದಕ್ಕೆಂದೇ ಮೂರು ಗುಂಡಿ ತೋಡಿಸಿದ್ದೆವು. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ತೋಟಕ್ಕೆ ಬಿಡಬೇಕು. ಆದರೆ ಫಸಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು, ಹಣ್ಣು ಜಾಸ್ತಿ ಬಂದ ದಿನ ಗುಂಡಿ ತುಂಬಿಬಿಡುತ್ತಿತ್ತು. ಆಗ ಸಂಜೆ ಹೊತ್ತಿಗೆ ಯಾರೋ ಒಬ್ಬರು ಗುಂಡಿಯ ತೂಬಿಗೆ ಅಡ್ಡ ಇಟ್ಟ ಹಲಗೆ ಎತ್ತುತ್ತಿದ್ದರು, ನೀರು ಹಳ್ಳ ಸೇರುತ್ತಿತ್ತು. ಯಾರು ಎತ್ತಿದರು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಅಪ್ಪಂದಿರ ಕಾಲದಿಂದಲೂ ಹಳ್ಳ ಇರುವುದೇ ಅದಕ್ಕೆ ಎಂಬಂತೆ ನಡೆದುಬಂದಿದೆ.

ನಾನು ಒಂದು ಸಲ ಸಾಹುಕಾರರಿಗೆ ಹೇಳಿದೆ. ಒಳ್ಳೆಯ ಮನುಷ್ಯರೇ. ಕೋಪ ಮಾಡಿಕೊಳ್ಳಲಿಲ್ಲ. "ಏನ್ ಮಾರಾಯ್ರೇ, ಪೇಟೆ ಪ್ಲಾಸ್ಟಿಕ್ಕೆಲ್ಲ ಆಯ್ದು ಮುಗೀತಾ, ಈಗ ಹಳ್ಳಕ್ಕೆ ಬಂದ್ರಾ? ಇನ್ನೊಂದ್ ಗುಂಡಿ ತೋಡ್ಸಣ, ಮುಂದ್ಲೊರ್ಸ" ಎಂದರು. ಮುಂದಿನ ವರ್ಷವೂ ಅದೇ ಮಾತು ಹೇಳಿದರು.

ಅಷ್ಟರಲ್ಲಿ ಕೆಂಪು ಪುಸ್ತಕದಲ್ಲಿ ಮೂರು ಬಾಲದ ಹುಳ ಬರೆಯುವ ಜಾಗ ಖಾಲಿ ಉಳಿಯತೊಡಗಿತ್ತು. ಮನೆ ಹೊತ್ಕಂಡಿರೋನ ಗೂಡು ಸಿಗುತ್ತಿತ್ತು, ಒಳಗೆ ಅವನಿರುತ್ತಿರಲಿಲ್ಲ. ಅಕ್ಕನ ಕೈಕಾಲಿಗೆ ತುರಿಕೆ ಹತ್ತಿತು. ಆ ಮುಂಗಾರಿನಲ್ಲಿ ನಮ್ಮ ಮನೆಗೆ ಬಂದ ಪಾಲಿನಲ್ಲಿ ಇದ್ದದ್ದು ಮೂರೇ ಮೂರು ಏಡಿ, ಅವೂ ಬೆರಳ ಗಾತ್ರದವು. ತಮಗೆ ಇಟ್ಟುಕೊಂಡರೋ ಇಲ್ಲವೋ ನಾನು ಕೇಳಲಿಲ್ಲ.

ಮುಂದಿನ ಕೊಯ್ಲಿನಲ್ಲಿ ಸಾಹುಕಾರರು ಕಾಫಿಗೆ ಪರಿಸರಸ್ನೇಹಿ ಎಂಬ ಮುದ್ರೆ ಒತ್ತಿಸಿಕೊಳ್ಳಲು ಅರ್ಜಿ ಹಾಕಿದರು. ತಪಾಸಣೆಗೆ ಒಬ್ಬ ಮೇಡಂ ಬರುತ್ತಾರೆ ಎಂದಾಯಿತು. ಸುದ್ದಿ ಲೈನಿಗೂ ಮುಟ್ಟಿ, ಅಕ್ಕ ಸ್ಟೋರಿಗೇ ಬಂದರು.

"ರೈಟ್ರೇ, ಆವಮ್ಮಂಗೆ ಪುಸ್ತಕ ತೋರ್ಸಿ. ನನ್ ಬಾಯಿ ಮಾತು ಯಾರ್ ಕೇಳ್ತಾರೆ? ಬರ್ದಿರೋದು ಕಂಡ್ರೆ ನಂಬ್ತಾರೆ. ಆ ಮಡು ಒಂದ್ ಉಳ್ಕಂಡ್ರೆ ಸಾಕು ಕಣ್ರೀ, ನಂಗೆ ಇನ್ನೇನೈತೆ."

ತೋರಿಸ್ತೀನಿ ಅಕ್ಕ ಎಂದೆ. ತೋರಿಸುವ ಮನಸ್ಸೇ ಇತ್ತು. ಇದನ್ನು ಯಾರೂ ನಂಬದಿದ್ದರೂ ಪರವಾಗಿಲ್ಲ.

ಮೇಡಂ ಬರುವ ಎರಡು ದಿನ ಮೊದಲು ಪಲ್ಪರ್ ನಿಲ್ಲಿಸಿದರು, ಹಲಗೆ ಭದ್ರವಾಗಿ ಮುಚ್ಚಿದರು. ಹರಿಯುವ ನೀರಿಗೆ ಎರಡು ದಿನ ಸಾಕು. ಮಡು ಮತ್ತೆ ತಿಳಿಯಾಯಿತು, ನಾತವೂ ಹೋಯಿತು. ಕಲ್ಲೆತ್ತಿ ನೋಡುವವರಿಗೆ ಮಾತ್ರ ಗೊತ್ತಾಗುತ್ತಿತ್ತು. ಅಂಥವರು ಎಸ್ಟೇಟಿನಲ್ಲಿ ಇದ್ದದ್ದು ಇಬ್ಬರು. ಸಾಹುಕಾರರು ನನ್ನನ್ನು ಕರೆದು, "ಅದೇನೋ ಹುಳ ಬರ್ದಿದ್ದೀರಂತಲ್ಲ, ಅದನ್ನ ಮೇಡಂಗೆ ತೋರ್ಸಿ. ಮೇಲ್ಗಡೆ ಹಳ್ಳಕ್ಕೆ ಕರ್ಕೊಂಡ್ ಹೋಗಿ, ಅಲ್ ನೆಳ್ಳು ಐತೆ" ಎಂದರು, ಅಷ್ಟೇ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಹೆದರಿಸಿದ್ದರೆ ನನಗೂ ಒಂದು ನೆಪ ಇರುತ್ತಿತ್ತು.

ಮೇಡಂ ನನಗಿಂತ ಚಿಕ್ಕವರು. ಪ್ಯಾಂಟು ಮಡಚಿ, ಬೂಟು ಬಿಚ್ಚಿಟ್ಟು ನೀರಿಗೇ ಇಳಿದರು. ನೀಲಿ ಪುಸ್ತಕ ಕೊಟ್ಟೆ. ಒಂದೊಂದೇ ಹಾಳೆ ತಿರುವಿ, "ಇದನ್ನೆಲ್ಲ ನೀವೇ ಮಾಡಿದ್ರಾ ಸರ್? ಕಾಲೇಜಿನಲ್ಲಿ ನಾವೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ" ಎಂದರು. ಹುಟ್ಟಿದಾಗಿನಿಂದ ನನ್ನನ್ನು ಸರ್ ಎಂದವರು ಅವರೊಬ್ಬರೇ. ಪಿಯುಸಿಯಲ್ಲಿ ನಿಂತುಹೋದವನು ಕಾಲೇಜಿನವರ ಮುಂದೆ ಕಲ್ಲೆತ್ತಿ ಪಾಠ ಹೇಳತೊಡಗಿದೆ. ಈ ಹುಳ ಉಸಿರಾಡುವುದು ಹೇಗೆ, ಗೂಡಿಗೆ ಅಂಟು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದ್ದಕ್ಕೆಲ್ಲ ಅವರು ಉತ್ತರ ಹೇಳಿದರು. ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡ ಪ್ರಶ್ನೆಗಳು ಅವು. ನೆಲದ ಮೇಲೆ ಕಾಲಿರಲಿಲ್ಲ ನನಗೆ.

ಅಕ್ಕ ನಾಲ್ಕು ಮಾರು ದೂರದಲ್ಲಿ, ದಡದ ಮೇಲೆ ಕತ್ತಿ ಹಿಡಿದು ನಿಂತಿದ್ದರು. ಸೊಪ್ಪು ಕಡಿಯುವ ನೆಪ ಮಾಡಿಕೊಂಡು ಬಂದಿದ್ದರು. ಮೇಡಂ ಅತ್ತ ನೋಡಿ "ಅವರು ಯಾರು?" ಎಂದು ಕೇಳಿದರು.

"ಲೈನಿನವರು ಮೇಡಂ" ಎಂದೆ.

ಇದನ್ನೆಲ್ಲ ಕಲಿಸಿದವರು ಅವರೇ ಎಂದು ಹೇಳಲು ಇನ್ನು ನಾಲ್ಕು ಮಾತು ಸಾಕಿತ್ತು. ಹೇಳಲಿಲ್ಲ. ಆ ಹೊತ್ತಿನಲ್ಲಿ ಪಾಠ ನನ್ನದೇ ಆಗಿರಲಿ ಎನ್ನಿಸಿತ್ತು.

ಪುಸ್ತಕ ವಾಪಸು ಕೊಡುತ್ತಾ ಮೇಡಂ, "ಕೆಳಗಡೆ ಹಳ್ಳಾನೂ ಹೀಗೇ ಇದೆಯಾ ಸರ್? ನೋಡಬೇಕಾ?" ಎಂದರು. ಕೆಂಪು ಪುಸ್ತಕ ನನ್ನ ಹೆಗಲ ಬ್ಯಾಗಿನಲ್ಲೇ ಇತ್ತು, ಸ್ಟೀಲ್ ಲೋಟದ ಅಡಿಯಲ್ಲಿ. ಕೈ ಹಾಕಿದ್ದರೆ ಸಿಗುತ್ತಿತ್ತು. ತೆಗೆದರೆ ಅವರ ಮುಖದ ಆ ಮೆಚ್ಚುಗೆ ಹೋಗುತ್ತದೆ, ಸಾಹುಕಾರರ ಮುಖವೂ ಬದಲಾಗುತ್ತದೆ, ಹುಳದ ಮಾತು ಹೋಗಿ ಹಲಗೆಯ ಮಾತು ಬರುತ್ತದೆ. ಇಷ್ಟೂ ಯೋಚನೆ ಒಂದು ಉಸಿರಿನಲ್ಲಿ ಮುಗಿಯಿತು.

"ಹೂಂ ಮೇಡಂ. ಹೀಗೇ ಇದೆ."

ಅಕ್ಕ ಕೇಳಿಸಿಕೊಂಡರು. ಒಂದು ಕೊಂಬೆ ಸೊಪ್ಪು ಕಡಿದರು, ಇನ್ನೊಂದು ಕಡಿದರು, ಹೊರೆ ಕಟ್ಟಿಕೊಂಡು ಹೋದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಊರವರ ಮೇಲೆ ನಾನೇ ಎಷ್ಟು ಸಲ ಹಾಕಿದ್ದ ಗಾದೆ ಅದು!

ಮುದ್ರೆ ಸಿಕ್ಕಿತು. ಗೇಟಿನಲ್ಲಿ ಎಲೆ, ಕಪ್ಪೆ, ಹಳ್ಳದ ಚಿತ್ರವಿರುವ ಬೋರ್ಡು ನಿಂತಿತು. ವರದಿಯಲ್ಲಿ ಮೇಡಂ ನನ್ನನ್ನು ಹೊಗಳಿ ಬರೆದಿದ್ದರಂತೆ. ಸಾಹುಕಾರರು ಕಣದಲ್ಲಿ ಎಲ್ಲರನ್ನೂ ಸೇರಿಸಿ, ಶಾಲು ಹೊದಿಸಿ, ನನಗೊಂದು ಸ್ಟೀಲಿನ ನೀರಿನ ಬಾಟಲಿ ಕೊಟ್ಟರು. ಲೈನಿನವರು ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದರು. ಆ ರಾಶಿ ಚಪ್ಪಾಳೆಯಲ್ಲಿ ನನಗೆ ಕೇಳಿಸಿದ್ದು ಅದೊಂದೇ. ನಾಲ್ಕನೆಯ ಗುಂಡಿ ತೋಡಲಿಲ್ಲ. ಮುದ್ರೆ ಸಿಕ್ಕ ಮೇಲೆ ಅದರ ಮಾತನ್ನು ಎತ್ತಲು ನನಗೆ ಮುಖವೂ ಇರಲಿಲ್ಲ.

ಮುಂದಿನ ಭಾನುವಾರ ಪುಸ್ತಕ ಹಿಡಿದು ಲೈನಿಗೆ ಹೋದೆ. ಅಕ್ಕ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಹಳ್ಳಕ್ಕೆ ಬರುವುದಿಲ್ಲವೇ ಎಂದೆ. "ಸೊಂಟ ನೋವು ಕಣ್ರೀ. ನೀವ್ ಹೋಗ್ಬನ್ನಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ಭಾನುವಾರಗಳಲ್ಲೂ ಸೊಂಟ ನೋಯುತ್ತಲೇ ಇತ್ತು. ಕೆಲಸದ ದಿನ ಮಾತ್ರ ಎಲ್ಲರಿಗಿಂತ ಮೊದಲು ತೋಟದಲ್ಲಿರುತ್ತಿದ್ದರು. ನಾನೊಬ್ಬನೇ ಹೋಗಿ ಮಡುವಿನಲ್ಲಿ ಕಲ್ಲೆತ್ತಿದೆ. ಕೆಂಪು ದಾರದಂಥ ಹುಳ ಮುಷ್ಟಿಗಟ್ಟಲೆ ಇತ್ತು. ಅದನ್ನು ಬರೆದುಕೊಳ್ಳಲಿಲ್ಲ. ಕೆಂಪು ಪುಸ್ತಕದಲ್ಲಿ ಅಲ್ಲಿಂದ ಮುಂದೆ ಬರೀ ಬಿಳಿ ಹಾಳೆ.

ಈ ವರ್ಷ ಮುಂಗಾರು ಹಿಡಿದ ವಾರ ಸಂಜೆ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಕೈಯಲ್ಲಿ ಪ್ರತಿವರ್ಷದ ಅದೇ ಮುಚ್ಚಳದ ಪಾತ್ರೆ. ನನಗೆ ಒಂದು ಕ್ಷಣ ಆಸೆಯಾಯಿತು. ಮಡುವಿನಲ್ಲಿ ಏಡಿ ಬಂದವೇನೋ! ಹೆಂಡತಿ ಪಾತ್ರೆ ಇಸಿದುಕೊಂಡು ಮುಚ್ಚಳ ತೆಗೆದಳು. ಅಂಗೈ ಅಗಲದ ಏಡಿಗಳು ಸರಬರ ಮಾಡುತ್ತಿದ್ದವು.

"ಮಡೂದಾ ಅಕ್ಕ?" ಎಂದು ಕೇಳಿಯೇಬಿಟ್ಟೆ.

"ಅಲ್ಲ ರೈಟ್ರೇ. ಯಸಳೂರ್ ಕಡೆ ನಮ್ಮ ತಂಗಿ ಮನೇಗೆ ಹೋಗಿದ್ದೆ. ಅಲ್ಲೀ ಹಳ್ಳದ್ದು." ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡರು. ನನ್ನ ಮುಖ ನೋಡಿ, ನನಗೆ ಸಮಾಧಾನ ಹೇಳುವವರಂತೆ ಮೆತ್ತಗೆ ಅಂದರು, "ನಮ್ಮ ಹಳ್ಳದ್ದಲ್ಲ, ಹೆದರ್ಕಬೇಡಿ. ತಿನ್ನಿ."

ಹೆಂಡತಿ ಸಾರು ಮಾಡಿದಳು, ಮೆಣಸು ಜಾಸ್ತಿ ಹಾಕಿ, ನನಗೆ ಇಷ್ಟವಾಗುವ ಹಾಗೆ. ತಿಂದೆ. ಎರಡನೇ ಸಲ ಬಡಿಸಲು ಬಂದಾಗಲೂ ಬೇಡ ಎನ್ನಲಿಲ್ಲ.